ಹಸಿರು ದೀಪ ನಂಬಬ್ಯಾಡ್ರಿ, ಭಾರ ಹೂಡಿ ನೋಡ್ರಿ



ಈ ಸಲ ಕಬ್ಬಿನ ಬಗ್ಗೆ ಬರೆಯೂದಿಲ್ಲ, ಅರಿಶಿನದ ಬಗ್ಗೇನೂ ಇಲ್ಲ. ಮನಿ ಮೂಲ್ಯಾಗ ಕುಂತಿರೋ ಯುಪಿಎಸ್ ಬ್ಯಾಟರಿ ಬಗ್ಗೆ ಬರೀತೀನಿ. ಬರಹ ಉದ್ದ ಐತಿ, ಆದ್ರ ಪೂರ್ತಿ ಓದ್ರಿ. ಇದರಾಗ ನನ್ನ ತಪ್ಪೂ ಐತಿ, ನಿಮ್ಮ 15 ಸಾವಿರ ರೂಪಾಯಿ ಲೆಕ್ಕಾನೂ ಐತಿ.

ಮೊದಲ ನಡೆದದ್ದು ಹೇಳ್ತೀನಿ. ಹೋದ ಮಳಿಗಾಲದಾಗ ಒಂದು ರಾತ್ರಿ, ಹನ್ನೊಂದರ ಸುಮಾರಿಗೆ ಗಾಳಿ ಬಿಟ್ಟು ಕರೆಂಟ್ ಹೋತು. ತೋಟಪಟ್ಟಿಯೊಳಗ ಮನಿ ಮಾಡ್ಕೊಂಡವರಿಗೆ ಇದೇನು ಹೊಸಾದಲ್ಲ. ಪಂಪ್‌ಸೆಟ್ಟಿನ ತ್ರೀ ಫೇಸ್ ಹೆಂಗೂ ಪಾಳಿ ಮ್ಯಾಲ ಬರೂದು, ಗಾಳಿ ಮಳಿ ಬಂತಂದ್ರ ಮನಿ ಸಿಂಗಲ್ ಫೇಸೂ ಹೋಗ್ತೈತಿ. ಯುಪಿಎಸ್ ಹತ್ತಿಕೊಂಡಿತು, ಒಂದು ಫ್ಯಾನು, ಎರಡು ಬಲ್ಬು ನಡೀತಿದ್ದುವು. ನಾನು ಆರಾಮ ಮಲಗಿದೆ.

ಸ್ವಲ್ಪ ಹೊತ್ತಿಗೆ ಅವ್ವಗ ಉಬ್ಬಸ ಎದ್ದಿತು. ಆಕಿಗೆ ದಮ್ಮಿನ ತ್ರಾಸು ಹಳೇದು. ಡಾಕ್ಟರ್ ಬರಕೊಟ್ಟ ಔಷಧ ಹಾಕಿ ಮುಖಕ್ಕ ಹಿಡಿಯೋ ನೆಬ್ಯುಲೈಜರ್ ಮಷೀನು ಮನ್ಯಾಗ ಇಟ್ಟೀವಿ. ನನ್ನ ಹೆಂಡತಿ ಅದನ್ನ ಹಚ್ಚಿ ಸ್ವಿಚ್ ಹಾಕಿದ್ದೇ ತಡ, ಯುಪಿಎಸ್ ಪೀಂ ಪೀಂ ಅಂತು, ಫ್ಯಾನು, ಬಲ್ಬು, ಮಷೀನು ಎಲ್ಲಾ ಒಮ್ಮೆಲೇ ಬಂದ್. ಆಫ್ ಮಾಡಿ ಮತ್ತ ಹಾಕಿದ್ವಿ, ಬಲ್ಬು ಹತ್ತಿತು. ಮಷೀನು ಹಾಕಿದ ಕೂಡ್ಲೇ ಮತ್ತ ಬಂದ್. ಕತ್ತಲಿಯೊಳಗ ಅವ್ವನ ಉಸಿರಿನ ಸಪ್ಪಳ ಒಂದ ಕೇಳತಿತ್ತು. ಆ ಸಪ್ಪಳ ಕೇಳಿದವರಿಗೆ ನಾ ಹೇಳೂದು ಬ್ಯಾಡ.

ಬಾಜೂ ತೋಟದ ಕಾಕಾನ ಮಗಗ ಫೋನ್ ಹಚ್ಚಿದೆ. ಹುಡುಗ ಶ್ಯಾಣ್ಯಾ. ಬಂದವನೇ ನಮ್ಮ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು, ಯುಪಿಎಸ್ ವೈರು ಅದಕ್ಕ ಹಚ್ಚಿದ. ಮಷೀನು ಚಾಲೂ ಆತು. ಇಪ್ಪತ್ತು ನಿಮಿಷಕ್ಕ ಅವ್ವನ ದಮ್ಮು ಇಳೀತು. ಮರುದಿನ ದವಾಖಾನಿಗೆ ಕರಕೊಂಡು ಹೋಗಿ ಬಂದ್ವಿ, ಈಗ ಆರಾಮ ಅದಾಳ. ಆದ್ರ ಅವತ್ತು ಆ ಹುಡುಗ ಊರಾಗ ಇರದಿದ್ರ ಏನಾಗ್ತಿತ್ತೋ ಅಂತ ಈಗೂ ಅನಸ್ತೈತಿ.

(ಟ್ರ್ಯಾಕ್ಟರ್ ಬ್ಯಾಟರಿ ಹಚ್ಚೂದು ಕಾಯಂ ಮಾಡೋ ಕೆಲಸ ಅಲ್ರಿ. ಅದು ಸ್ಟಾರ್ಟ್ ಹೊಡಿಯಾಕ ಮಾಡಿದ್ದು, ತಾಸುಗಟ್ಟಲೆ ಓಡಿಸಿ ಖಾಲಿ ಮಾಡಿದ್ರ ಲಗೂನ ಕೆಡತೈತಿ. ಪ್ಲಸ್ ಮೈನಸ್ ಅದಲು ಬದಲು ಆದ್ರ ಯುಪಿಎಸ್ ಸುಟ್ಟು ಹೋಗ್ತೈತಿ.)

ಈಗ ವಿಷಯಕ್ಕ ಬರ್ತೀನಿ. ಆ ರಾತ್ರಿ ಕರೆಂಟ್ ಹೋಗೋಕಿಂತ ಮೊದಲ ಯುಪಿಎಸ್ ಮ್ಯಾಲ ಹಸಿರು ದೀಪ ಇತ್ತು. ಬ್ಯಾಟರಿ ಫುಲ್ ಅಂತ. ಅದನ್ನ ನೋಡಿ ನಾಲ್ಕು ವರ್ಷ ನಾ ನಂಬಿದ್ದೆ.

ಮರುದಿನ ಅಳಿಯನ ಗೆಳೆಯ ಒಬ್ಬ, ಬ್ಯಾಟರಿ ಕೆಲಸ ಬಲ್ಲವ, ಮನಿಗೆ ಬಂದ. ರಾತ್ರಿ ಕರೆಂಟ್ ಬಂದ ಮ್ಯಾಲ ಬ್ಯಾಟರಿ ಮತ್ತ ಚಾರ್ಜ್ ಆಗಿತ್ತು. ಯುಪಿಎಸ್ ಬಂದ್ ಮಾಡಿ, ಎರಡು ಮೂರು ತಾಸು ಬಿಟ್ಟು ಮೀಟರ್ ಹಿಡಿದ. 12.35 ವೋಲ್ಟ್. "ನೋಡ್ರಿ ಮಾಮಾ, ಇಷ್ಟ ನೋಡಿದ್ರ ಬ್ಯಾಟರಿ ಮುಕ್ಕಾಲು ತುಂಬೈತಿ ಅನಸ್ತೈತಿ" ಅಂದ. ಆಮ್ಯಾಲ ಆರೂ ಮುಚ್ಚಳ ತೆಗೆದು ಹೈಡ್ರೋಮೀಟರ್ ಇಳಿಬಿಟ್ಟ. ಐದು ಸೆಲ್ಲಿನ್ಯಾಗ 1.235, 1.240 ಹಿಂಗ ಬಂತು. ನಾಲ್ಕನೇದರಾಗ 1.120. ಆಮ್ಯಾಲ ಭಾರ ಹಾಕಿದ. ಮೀಟರ್ ಹಿಡಿದಂಗನ ವೋಲ್ಟೇಜ್ 10.4ಕ್ಕ ಬಿತ್ತು. ಅಲ್ಲಿಗೆ ಯುಪಿಎಸ್ ಬಂದ್.

ಅಂದ್ರ ಏನಾಗಿತ್ತು? 12 ವೋಲ್ಟಿನ ಬ್ಯಾಟರಿಯೊಳಗ 6 ಸೆಲ್ಲು ಸಾಲಾಗಿ ಇರ್ತಾವ, ಒಂದೊಂದು ಸುಮಾರು 2 ವೋಲ್ಟಿಂದು. ಆರು ಎತ್ತಿನ ಗಾಡಿ ಇದ್ದಂಗ. ಒಂದು ಎತ್ತು ಕುಂಟಿದ್ರ ಐದು ಎತ್ತು ಗಟ್ಟಿ ಇದ್ದೂ ಗಾಡಿ ಮುಂದ ಹೋಗಂಗಿಲ್ಲ. ಬಲ್ಬು, ಫ್ಯಾನು ಸಣ್ಣ ಭಾರ, ಎಳದುವು. ಮಷೀನಿನ ಮೋಟರ್ ಚಾಲೂ ಆಗೋವಾಗ ಒಂದು ಜಗ್ಗು ಜಗ್ಗತೈತಿ, ಅಲ್ಲಿ ಕುಸಿದು ಬಿತ್ತು.

ಎತ್ತು ಕೊಳ್ಳಾಕ ಸಂತಿಗೆ ಹೋದವರು ಬರೇ ಮೈ ಹೊಳಪು ನೋಡಿ ರೊಕ್ಕ ಕೊಡ್ತೀವೇನ್ರಿ? ಹಲ್ಲು ನೋಡ್ತೀವಿ, ನಡಿಸಿ ನೋಡ್ತೀವಿ, ಗಾಡಿ ಹೂಡಿ ನೋಡ್ತೀವಿ. ಬ್ಯಾಟರಿಗೆ ಮಾತ್ರ ನಾವು ಹಸಿರು ದೀಪ ನೋಡಿ ಸುಮ್ಮನಾಗ್ತೀವಿ. ಹಸಿರು ದೀಪ ಹೇಳೂದು ಒಂದ ಮಾತು: ಚಾರ್ಜ್ ಮಾಡೂದು ಮುಗೀತು ಅಂತ. ಒಳಗ ಎಷ್ಟು ಹಿಡಿಸೈತಿ ಅನ್ನೂದು ಆ ದೀಪಕ್ಕ ಗೊತ್ತಿಲ್ಲ.

ಕೆರಿ ಲೆಕ್ಕದಾಗ ಹೇಳ್ತೀನಿ. ಹೂಳು ತುಂಬಿದ ಕೆರಿ ಲಗೂನ ತುಂಬತೈತಿ, ಲಗೂನ ಖಾಲಿ ಆಗತೈತಿ. ದಂಡಿ ಮ್ಯಾಲ ನಿಂತು ನೋಡಿದವರಿಗೆ ಕೆರಿ ತುಂಬಿದಂಗ ಕಾಣತೈತಿ. ಹಳೇ ಬ್ಯಾಟರಿನೂ ಹಂಗ. ಇದರ ಒಳಗಿನ ಕೆಲಸ 1859ರಾಗ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಅನ್ನೋರು ಮಾಡಿ ತೋರಿಸಿದ್ದು, ಇವತ್ತಿಗೂ ಅದ ನಡದೈತಿ: ಸೀಸದ ಪ್ಲೇಟು, ಗಂಧಕದ ಆಸಿಡ್ಡು, ನೀರು. ಕರೆಂಟ್ ಖರ್ಚಾಗೋವಾಗ ಆಸಿಡ್ಡು ಪ್ಲೇಟಿಗೆ ಕೂಡತೈತಿ, ಚಾರ್ಜ್ ಆಗೋವಾಗ ಬಿಟ್ಟು ನೀರಿಗೆ ಬರ್ತೈತಿ. ಬ್ಯಾಟರಿ ಬಾಳ ದಿನ ಅರ್ಧಮರ್ಧ ಚಾರ್ಜಿನ್ಯಾಗ ಉಳಿದ್ರ ಪ್ಲೇಟಿನ ಮ್ಯಾಲ ಕೂತದ್ದು ಗಟ್ಟಿ ಹರಳಾಗಿ ಬಿಡತೈತಿ, ತಿರುಗಿ ಬಿಡಂಗಿಲ್ಲ. ಅದ ಹೂಳು. ಇನ್ನೊಂದು ನಮೂನಿ ರೋಗ ಒಡ್ಡು ಒಡೆದ ಕೆರಿ. ಒಳಗ ಪ್ಲೇಟಿಗೆ ಪ್ಲೇಟು ತಾಗಿ ಒಂದು ಸೆಲ್ಲು ಶಾರ್ಟ್ ಆಗಿರ್ತೈತಿ. ಅದು ಎಷ್ಟು ಚಾರ್ಜ್ ಮಾಡಿದ್ರೂ ತುಂಬಂಗಿಲ್ಲ, ಬ್ಯಾಟರಿ ಮೈ ಬಿಸಿ ಆಗತೈತಿ, ಯುಪಿಎಸ್ ಹಗಲು ರಾತ್ರಿ ಚಾರ್ಜ್ ಮಾಡಕೋತ ಕೂಡತೈತಿ. 2023ರಿಂದ ಗೃಹಜ್ಯೋತಿಯೊಳಗ ಇರೋರು ಇದನ್ನ ನೆನಪಿಡ್ರಿ. ಮನ್ಯಾಗ ಹೊಸಾ ಸಾಮಾನು ಏನೂ ತಂದಿಲ್ಲ, ಆದ್ರ ಯುನಿಟ್ ಏರಾಕತ್ತೈತಿ ಅಂದ್ರ ಒಮ್ಮೆ ಬ್ಯಾಟರಿ ಮೈ ಮುಟ್ಟಿ ನೋಡ್ರಿ.

ಇದು ಕೆಟ್ಟ ಬ್ಯಾಟರಿ ಚಲೋ ಅಂತ ನಂಬಿದ ಕಥಿ. ಇದರ ಉಲ್ಟಾ ಕಥಿನೂ ಐತಿ.

ನಂದು ಹಿಂಗಾತು ಅಂತ ತಿಳಿದು ಬಾಜೂ ತೋಟದ ಕಾಕಾಗೂ ಅಂಜಿಕಿ ಹತ್ತಿತು. ಅವರ ಯುಪಿಎಸ್ ಅರ್ಧ ತಾಸೂ ನಡೀತಿರಲಿಲ್ಲ. ಒಂದು ಅಂಗಡ್ಯಾಗ ಕೇಳಿದ್ರು. ಅಂಗಡಿಯವ ಮನಿಗೆ ಬರಲಿಲ್ಲ, ಮೀಟರ್ ಹಿಡೀಲಿಲ್ಲ. "ಎಷ್ಟು ವರ್ಷ ಆತು? ಮೂರಾ? ಹಂಗಾದ್ರ ಹೋತು ಬಿಡ್ರಿ, ಹಳೇದು ತಂದು ಹೊಸಾದು ಒಯ್ರಿ" ಅಂದ. ಕಾಕಾ ರೊಕ್ಕ ಹೊಂದಸಾಕ ಹತ್ತಿದ್ರು. ನಾನು, "ಕಾಕಾ, ಒಂದು ದಿನ ತಡೀರಿ, ಆ ಹುಡುಗನ್ನ ಕಳಸ್ತೀನಿ" ಅಂದೆ.

ಹುಡುಗ ನೋಡಿದ. ಆರೂ ಸೆಲ್ಲಿನ್ಯಾಗ 1.190ರಿಂದ 1.200, ಎಲ್ಲಾ ಸರಿಸಮ. ಅಂದ್ರ ಯಾವ ಸೆಲ್ಲೂ ಸತ್ತಿಲ್ಲ, ಬರೇ ಹೊಟ್ಟಿ ತುಂಬಿಲ್ಲ. ಯಾಕ ತುಂಬಿಲ್ಲ ಅಂತ ನೋಡಿದ್ರ ಪ್ಲಸ್ ಟರ್ಮಿನಲ್ಲಿಗೆ ಬಿಳಿ, ಹಸಿರು ಬೂಷ್ಟು ಬಂದು, ಲಗ್ ಸಡಿಲಾಗಿತ್ತು. ಅಷ್ಟ. ಬಿಚ್ಚಿ, ಬಿಸಿ ನೀರಾಗ ತಿನ್ನೋ ಸೋಡಾ ಕಲಸಿ ಹಳೇ ಬ್ರಷ್ಷಿಲೇ ತಿಕ್ಕಿ, ಒರಸಿ, ಬಿಗಿ ಮಾಡಿ, ಮ್ಯಾಲ ವ್ಯಾಸಲೀನ್ ಹಚ್ಚಿದ. ಒಂದು ದಿನ ಪೂರ್ತಿ ಚಾರ್ಜ್ ಆದ ಮ್ಯಾಲ ಎಲ್ಲಾ ಸೆಲ್ಲು 1.240. 200 ವ್ಯಾಟ್ ಭಾರ ಹಾಕಿ ನೋಡಿದ್ರ 4 ತಾಸು 50 ನಿಮಿಷ ನಡೀತು. ಮೂರು ವರ್ಷದ ಬ್ಯಾಟರಿಗೆ ಇದು ಚಲೋ ಲೆಕ್ಕ. ಹತ್ತು ರೂಪಾಯಿ ಸೋಡಾದಾಗ ಕಾಕಾನ ಹೊಸಾ ಬ್ಯಾಟರಿ ರೊಕ್ಕ ಉಳೀತು.

150 ಎಎಚ್ ಟ್ಯೂಬುಲರ್ ಬ್ಯಾಟರಿ ಇವತ್ತು 15 ಸಾವಿರದ ಆಸುಪಾಸು ಐತಿ. ಕಬ್ಬಿಗೆ ಟನ್ನಿಗೆ 3,300 ಹಿಡಿದ್ರ, ಹತ್ತಿರ ಹತ್ತಿರ 5 ಟನ್ ಕಬ್ಬು. 2025ರ ನವೆಂಬರ್‌ನಾಗ ಗುರ್ಲಾಪುರ ಕ್ರಾಸಿನ್ಯಾಗ ಟನ್ನಿಗೆ ನೂರು ಇನ್ನೂರು ಹೆಚ್ಚಿಗಿ ಸಲುವಾಗಿ ರಸ್ತೆ ಮ್ಯಾಲ ಕುಂತ ಮಂದಿ ನಾವು. ಅದ ನಾವು ಬ್ಯಾಟರಿ ಅಂಗಡ್ಯಾಗ ಒಂದ ಪ್ರಶ್ನಾ ಕೇಳದ 5 ಟನ್ ಕಬ್ಬು ಎಣಿಸಿ ಕೊಟ್ಟು ಬರ್ತೀವಿ. ಅಂಗಡಿಯವರು ಎಲ್ಲಾರೂ ಕೆಟ್ಟವರು ಅಂತ ನಾ ಹೇಳಂಗಿಲ್ಲ. ಅವರದು ಮಾರೋ ಧಂಧೆ, ಪರೀಕ್ಷಾ ಮಾಡೂದು ನಮ್ಮ ಕೆಲಸ. ನನ್ನ ಅಭಿಪ್ರಾಯ ಇಷ್ಟ: ಪರೀಕ್ಷಾ ಮಾಡದ ಬ್ಯಾಟರಿ ನಂಬೂದೂ ತಪ್ಪು, ಪರೀಕ್ಷಾ ಮಾಡದ ಬ್ಯಾಟರಿ ಒಗೆಯೂದೂ ತಪ್ಪು.

ಮನ್ಯಾಗ ಪರೀಕ್ಷಾ ಹೆಂಗ ಮಾಡೂದು ಅಂತ ಕೇಳ್ರಿ. ಬೇಕಾಗೂದು ಒಂದು ಡಿಜಿಟಲ್ ಮಲ್ಟಿಮೀಟರ್, ಒಂದು ಹೈಡ್ರೋಮೀಟರ್, 100 ವ್ಯಾಟಿನ ಹಳೇ ನಮೂನಿ ತಂತಿ ಬಲ್ಬು ಎರಡು. ಕೋಳಿ ಮರಿಗೆ ಕಾವು ಕೊಡಾಕ ಹಚ್ತಾರಲ್ಲ, ಆ ಬಲ್ಬು. ಎಲ್ಲಾ ಕೂಡಿ ಒಂದು ಚೀಲ ಯೂರಿಯಾ, ಒಂದು ಚೀಲ ಡಿಎಪಿ ರೊಕ್ಕದೊಳಗ ಮುಗೀತೈತಿ.

1. ಮೊದಲ ಕಣ್ಣಿಲೇ ನೋಡ್ರಿ. ಟರ್ಮಿನಲ್ಲಿಗೆ ಬೂಷ್ಟು ಐತೇನು, ವೈರು ಸಡಿಲ ಐತೇನು, ಬ್ಯಾಟರಿ ಹೊಟ್ಟಿ ಉಬ್ಬೈತೇನು, ಎಲ್ಲೆರೆ ಸೋರೇತೇನು. ಹೊಟ್ಟಿ ಉಬ್ಬಿದ್ದು, ಸೋರಿದ್ದು ಇದ್ರ ಮುಂದಿನ ಪರೀಕ್ಷಾ ಬ್ಯಾಡ, ಬದಲಿ ಮಾಡ್ರಿ.

2. ಪೂರ್ತಿ ಚಾರ್ಜ್ ಮಾಡಿ, ಯುಪಿಎಸ್ಸಿನ ಕರೆಂಟ್ ಸ್ವಿಚ್ಚೂ ಬಂದ್ ಮಾಡಿ, ಎರಡು ಮೂರು ತಾಸು ಬಿಡ್ರಿ. ಚಾರ್ಜ್ ಆಗಾಕತ್ತಾಗ ಮೀಟರ್ ಹಿಡಿದ್ರ 13.5, 14 ತೋರಸ್ತೈತಿ, ಅದು ಚಾರ್ಜರಿಂದು, ಬ್ಯಾಟರಿದಲ್ಲ. ತಡೆದು ನೋಡಿದಾಗ 12.5ರಿಂದ 12.7 ಇದ್ರ ತುಂಬೈತಿ, 12.2ರ ಹತ್ರ ಇದ್ರ ಅರ್ಧ, 11.8ಕ್ಕ ಇಳಿದ್ರ ಖಾಲಿ. ಇದು ಚಲೋ ಬಂತಂತ ಖುಷಿ ಆಗಬ್ಯಾಡ್ರಿ. ನಂದೂ 12.35 ಇತ್ತು.

3. ಹೈಡ್ರೋಮೀಟರ್ ಒಂದೊಂದ ಸೆಲ್ಲಿಗೆ ಇಳಿಬಿಟ್ಟು, ಒಳಗಿನ ತೇಲಾ ಗೋಡಿಗೆ ತಾಗದಂಗ ನೆಟ್ಟಗ ಹಿಡಿದು ಓದ್ರಿ, ಬರಕೊಳ್ರಿ. ಟ್ಯೂಬುಲರ್ ಬ್ಯಾಟರಿ ತುಂಬಿದಾಗ ಸುಮಾರು 1.240 ಬರಬೇಕು. ಅಂಕಿಗಿಂತ ಮುಖ್ಯ, ಆರು ಸೆಲ್ಲಿನ ನಡುವಿನ ಫರಕು. ಎಲ್ಲಾ ಸೆಲ್ಲು ಸರಿಸಮ ಕಡಿಮಿ ಇದ್ರ ಚಾರ್ಜ್ ಕಡಿಮಿ ಆಗೈತಿ. ಒಂದ ಸೆಲ್ಲು ಉಳಿದವಕ್ಕಿಂತ 0.050ಕ್ಕಿಂತ ಹೆಚ್ಚು ಕೆಳಗ ಐತಿ, ದಿನಪೂರ್ತಿ ಚಾರ್ಜ್ ಮಾಡಿದ್ರೂ ಏರಂಗಿಲ್ಲ ಅಂದ್ರ ಆ ಸೆಲ್ಲು ಹೋತು. ಒಂದು ಸೆಲ್ಲು ಹೋದ್ರ ಬ್ಯಾಟರಿ ಹೋತು. ನೀರು ಹಾಕಿದ ತಕ್ಷಣ ಓದಬ್ಯಾಡ್ರಿ, ಸುಳ್ಳು ಅಂಕಿ ಬರ್ತೈತಿ. ಮುಚ್ಚಳ ಇಲ್ಲದ ಸೀಲ್ ಬ್ಯಾಟರಿಗೆ ಈ ಪರೀಕ್ಷಾ ಇಲ್ಲ.

4. ಈಗ ಗಾಡಿ ಹೂಡೂದು. ಯುಪಿಎಸ್ಸಿಗೆ ಬರೋ ಕರೆಂಟ್ ಬಂದ್ ಮಾಡಿ, ಎರಡು ಬಲ್ಬು ಅಂದ್ರ 200 ವ್ಯಾಟ್ ಭಾರ ಹಾಕಿ, ಟೈಮು ಬರಕೊಳ್ರಿ. ಬ್ಯಾಟರಿ ತುದಿಗೆ ಮೀಟರ್ ಹಿಡಿದು ಶುರುವಿಗೆ, ಅರ್ಧ ತಾಸಿಗೆ, ಒಂದು ತಾಸಿಗೆ ಓದ್ರಿ. ಚಲೋ ಬ್ಯಾಟರಿ ಒಂದು ತಾಸಿಗೂ 12ರ ಮ್ಯಾಲನ ಇರ್ತೈತಿ. ಒಂದು ತಾಸಿನೊಳಗ 11.5ಕ್ಕ ಇಳಿದ್ರ ಹೂಳು ಬಾಳ ತುಂಬೈತಿ ಅಂತ ತಿಳೀರಿ.

5. ವರ್ಷಕ್ಕ ಒಂದ ಸಲ ಯುಪಿಎಸ್ ತಾನಾಗಿ ಬಂದ್ ಆಗೋ ತನಕ ನಡಿಸಿ ಒಟ್ಟು ತಾಸು ಬರಕೊಳ್ರಿ. ಆದ ಕೂಡ್ಲೇ ಪೂರ್ತಿ ಚಾರ್ಜಿಗೆ ಹಚ್ಚರಿ. ಇದನ್ನ ತಿಂಗಳಾ ತಿಂಗಳಾ ಮಾಡಬ್ಯಾಡ್ರಿ, ಪೂರ್ತಿ ಖಾಲಿ ಮಾಡೂದು ಬ್ಯಾಟರಿ ಆಯುಷ್ಯ ತಿಂತೈತಿ.

ಎಷ್ಟು ತಾಸು ಬರಬೇಕು? 150 ಎಎಚ್ ಅನ್ನೂದು ಸಾವಕಾಶ, 20 ತಾಸಿನ್ಯಾಗ ಖಾಲಿ ಮಾಡಿದ್ರ ಬರೋ ಲೆಕ್ಕ. ನಾವು ಜಲ್ದಿ ಖಾಲಿ ಮಾಡ್ತೀವಿ, ಯುಪಿಎಸ್ ತಾನೂ ಒಂದು ಪಾಲು ತಿಂತೈತಿ. ಹಂಗಾಗಿ ಕಾಗದದ ಮ್ಯಾಲ 9 ತಾಸು ಬಂದ್ರ ಖರೇ 5 ತಾಸಿಂದ 6 ತಾಸು. ನನ್ನ ಹೊಸಾ ಬ್ಯಾಟರಿ 200 ವ್ಯಾಟಿಗೆ 5 ತಾಸು 45 ನಿಮಿಷ ನಡೀತು. ಇದನ್ನ ಗೋಡಿ ಮ್ಯಾಲ ಬರೆದಿಟ್ಟೀನಿ. ಹೊಸಾದಾಗಿನ ಅಂಕಿ ಇಲ್ಲಾಂದ್ರ ಮುಂದ ಎಷ್ಟು ಇಳೀತು ಅಂತ ಹೆಂಗ ಗೊತ್ತಾಗಬೇಕು? ಹಾಲು ಅಳಿಯೋ ಎಮ್ಮಿಗೆ ಲೆಕ್ಕ ಇಡ್ತೀವಿ, ಇದಕ್ಕೂ ಇಡಬೇಕು.

ಬದಲಿ ಯಾವಾಗ ಮಾಡೂದು ಅನ್ನೂದರಾಗ ನನ್ನ ಮಾತು ಎಲ್ಲಾರಿಗೂ ಒಂದ ಅಲ್ಲ. ಟೆಲಿಫೋನ್ ಎಕ್ಸ್‌ಚೇಂಜ್ ಅಂಥಾ ಕಡೆ ಬ್ಯಾಟರಿ ಮೊದಲಿನ ತಾಕತ್ತಿನ 80 ಪರ್ಸೆಂಟಿಗೆ ಇಳಿದ್ರ ಆಯುಷ್ಯ ಮುಗೀತು ಅಂತ ಹಿಡೀತಾರ. ಬರೇ ಬಲ್ಬು, ಫ್ಯಾನು, ಮಕ್ಕಳ ಅಭ್ಯಾಸಕ್ಕ ಬಳಸೋ ಮನಿಗೆ ಅಷ್ಟು ಕಟ್ಟುನಿಟ್ಟು ಬೇಕಾಗಿಲ್ಲ. ಮೊದಲಿನ ಅರ್ಧ ತಾಸು ಬರೋ ತನಕ ಧೈರ್ಯಲೇ ಓಡಸ್ರಿ, ರೊಕ್ಕ ಉಳಸ್ರಿ. ಆದ್ರ ಮನ್ಯಾಗ ದಮ್ಮಿನವರು, ಆಕ್ಸಿಜನ್ ಮಷೀನಿನವರು, ಫ್ರಿಜ್ಜಿನ್ಯಾಗ ಇನ್ಸುಲಿನ್ ಇಡೋರು ಇದ್ರ, ಅವರು 80 ಪರ್ಸೆಂಟಿನ ಲೆಕ್ಕನ ಹಿಡೀಬೇಕು. ಅಂಥವರು ಪರೀಕ್ಷಾ ಮಾಡೋವಾಗ ಬಲ್ಬಿನ ಸಂಗಾಟ ಆ ಮಷೀನನ್ನೂ ಹಚ್ಚಿ ನೋಡ್ರಿ. ನಾನು ಒಮ್ಮೆಯಾದ್ರೂ ಹಗಲಿನ್ಯಾಗ ಹಂಗ ನೋಡಿದ್ದಿದ್ರ ಆ ರಾತ್ರಿ ಬರ್ತಿರಲಿಲ್ಲ.

ಇನ್ನ ನೀರಿನ ಮಾತು, ಇಲ್ಲಿ ನನ್ನ ತಪ್ಪು ಒಪ್ಪಿಕೊಳ್ತೀನಿ. ಎರಡು ವರ್ಷದ ಹಿಂದ ಬ್ಯಾಸಗ್ಯಾಗ ನಾಲ್ಕನೇ ಸೆಲ್ಲಿನ ತೇಲಾ ಕೆಂಪಿಗೆ ಇಳಿದಿತ್ತು. ಡಿಸ್ಟಿಲ್ಡ್ ವಾಟರ್ ಇರಲಿಲ್ಲ. ಪ್ಯಾಟಿಗೆ ಯಾರು ಹೋಗ್ತಾರ ಅಂತ ಬೋರಿನ ನೀರು ಹಾಕಿದೆ. ನಮ್ಮ ಬೋರಿನ ನೀರಿನ ಉಪ್ಪು ನಿಮಗ ಗೊತ್ತು, ಪಾತ್ರಿಗೆ ಬಿಳಿ ಪದರು ಕಟ್ಟತೈತಿ. ಆ ಉಪ್ಪು, ಕಬ್ಬಿಣದ ಅಂಶ ಪ್ಲೇಟಿಗೆ ವಿಷ. ಇನ್ನೊಂದು ಪಾಠ: ಉಳಿದ ಐದಕ್ಕಿಂತ ಒಂದ ಸೆಲ್ಲು ಹೆಚ್ಚು ನೀರು ಕುಡೀತೈತಿ ಅಂದ್ರ ಅದು ಆಗಲೇ ರೋಗದ ಗುರ್ತು. ನಾ ಎರಡೂ ಮರ್ತೆ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬ್ಯಾರೆ ನೀರು ಬ್ಯಾಡ, ಫಿಲ್ಟರ್ ನೀರೂ ಬ್ಯಾಡ, ಮ್ಯಾಲಿಂದ ಆಸಿಡ್ ಅಂತೂ ಹಾಕಲೇ ಬ್ಯಾಡ್ರಿ. ಬ್ಯಾಟರ್ಯಾಗ ಕಡಿಮಿ ಆಗೂದು ನೀರು, ಆಸಿಡ್ ಅಲ್ಲ. ಪೂರ್ತಿ ಚಾರ್ಜ್ ಆದ ಮ್ಯಾಲ ಹಸಿರು ಗೆರಿ ತನಕ ಅಷ್ಟ ತುಂಬ್ರಿ.

ಬ್ಯಾಟರಿ ಇಡೋ ಜಾಗಾದ ಬಗ್ಗೆ. ಚಾರ್ಜ್ ಆಗೋವಾಗ ಹೈಡ್ರೋಜನ್ ಗ್ಯಾಸ್ ಬರ್ತೈತಿ, ಕಿಡಿ ತಾಗಿದ್ರ ಸ್ಫೋಟ ಆಗತೈತಿ. ಎಷ್ಟೋ ಮನ್ಯಾಗ ಬ್ಯಾಟರಿ ದೇವರ ಜಗಲಿ ಕೆಳಗನ ಐತಿ, ಮ್ಯಾಲ ದೀಪ, ಊದಿನಕಡ್ಡಿ. ದಯಮಾಡಿ ಸರಸ್ರಿ. ಗಾಳಿ ಆಡೋ ಕಡೆ ಇಡ್ರಿ, ಬಿಸಲು ಬೀಳೋ ಪತ್ರಾಸ್ ಗೋಡಿಗೆ ಹಚ್ಚಿ ಇಡಬ್ಯಾಡ್ರಿ, ಸೆಕಿ ಹೆಚ್ಚಾದಷ್ಟು ಬ್ಯಾಟರಿ ಆಯುಷ್ಯ ಕಡಿಮಿ. ಹೊಳಿ ದಂಡಿಯವರಿಗೆ ಇನ್ನೊಂದು ಮಾತು. 2019ರ ಆಗಸ್ಟಿನ್ಯಾಗ ಘಟಪ್ರಭಾ ಹೊಳಿ ಮನಿ ಹೊಕ್ಕಿದ್ದು ಯಾರೂ ಮರ್ತಿಲ್ಲ. ನೆಲದ ಮ್ಯಾಲ ಬ್ಯಾಟರಿ ಇಡೂದು ಬಿಡ್ರಿ, ಎತ್ತರಕ್ಕ ಗಟ್ಟಿ ಕಟ್ಟಿ ಕಟ್ಟಿಸಿ ಇಡ್ರಿ.

ಪರೀಕ್ಷಾ ಆತು, ಬದಲಿ ಮಾಡಲೇಬೇಕು ಅಂತ ಗೊತ್ತಾತು. ಆಗ ಈ ಮಾತು ನೆನಪಿಡ್ರಿ.

ಅಂಗಡ್ಯಾಗ: ಬ್ಯಾಟರಿ ಮ್ಯಾಲಿನ ತಯಾರಾದ ತಿಂಗಳು ಓದಸ್ರಿ. ಆರು ತಿಂಗಳಿಂದ ಮೂಲ್ಯಾಗ ಬಿದ್ದದ್ದು ಬ್ಯಾಡ, ಕುಂತಲ್ಲೇ ಹೂಳು ತುಂಬಿರ್ತೈತಿ. ವಾರಂಟಿ 36 ಕೂಡಿಸು 24 ಅಂದ್ರ 60 ತಿಂಗಳು ಪುಕ್ಕಟ ಬದಲಿ ಅಲ್ಲ. ಮೊದಲ 36 ತಿಂಗಳು ಬದಲಿ ಕೊಡ್ತಾರ, ಆಮ್ಯಾಲಿನ 24 ತಿಂಗಳು ಹೊಸಾದರ ರೇಟಿನ್ಯಾಗ ಸ್ವಲ್ಪ ರೊಕ್ಕ ಬಿಡ್ತಾರ ಅಷ್ಟ. ಕಾರ್ಡಿನ ಮ್ಯಾಲ ಸೀರಿಯಲ್ ನಂಬರು, ತಾರೀಖು, ಅಂಗಡಿ ಸಿಕ್ಕಾ ಮೂರೂ ಬೇಕು, ಜಿಎಸ್‌ಟಿ ಬಿಲ್ಲು ಬೇಕು. ನನ್ನ ಹಳೇ ಕಾರ್ಡಿನ ಮ್ಯಾಲ ಸಿಕ್ಕಾನ ಇರಲಿಲ್ಲ, ನಾನೂ ಕೇಳಿರಲಿಲ್ಲ. ನನಗ ಸಿಗಬೇಕಾದ ಸೂಟು ಹೋತು. ಬಿಲ್ಲು ಇದ್ದೂ ವಾರಂಟಿ ಕೊಡವಲ್ರು ಅಂದ್ರ ಗ್ರಾಹಕರ ಸಹಾಯವಾಣಿ 1915ಕ್ಕ ಫೋನ್ ಮಾಡ್ರಿ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. 5 ಲಕ್ಷದೊಳಗಿನ ವ್ಯವಹಾರಕ್ಕ ಅಲ್ಲಿ ಫೀ ಇಲ್ಲ.

ಹಳೇದರ ಬೆಲಿ: "ಎಕ್ಸ್‌ಚೇಂಜಿನ್ಯಾಗ ಇಷ್ಟು" ಅಂತ ಒಂದ ಅಂಕಿ ಹೇಳಿದ್ರ ಒಪ್ಪಬ್ಯಾಡ್ರಿ. ಹೊಸಾದರ ರೇಟ್ ಬ್ಯಾರೆ, ಹಳೇದರ ರೇಟ್ ಬ್ಯಾರೆ ಕೇಳ್ರಿ. ಸತ್ತ ಬ್ಯಾಟರಿಯೊಳಗೂ ಸೀಸ ಹಂಗ ಇರ್ತೈತಿ, ಅದಕ್ಕ ತೂಕದ ಬೆಲಿ ಐತಿ.

ಮನ್ಯಾಗ: ಮೈನ್ ಕರೆಂಟೂ ಬಂದ್, ಯುಪಿಎಸ್ಸೂ ಬಂದ್. ಉಂಗುರ, ಕಡಗ ತೆಗೀರಿ. ಬಿಚ್ಚೋವಾಗ ಮೊದಲ ಮೈನಸ್, ಆಮ್ಯಾಲ ಪ್ಲಸ್. ಹಚ್ಚೋವಾಗ ಮೊದಲ ಪ್ಲಸ್, ಕಡೀಕ ಮೈನಸ್. ಪಾನಾಕ್ಕ ಇನ್ಸುಲೇಷನ್ ಟೇಪ್ ಸುತ್ತರಿ, ಎರಡೂ ತುದಿಗೆ ಒಮ್ಮೆಲೇ ತಾಗಿದ್ರ ಪಾನಾನ ಕೆಂಪಗಾಗ್ತೈತಿ. 50 ಕಿಲೋ ಮ್ಯಾಲ ತೂಕ ಇರ್ತೈತಿ, ಇಬ್ಬರು ಹಿಡೀರಿ, ಆಸಿಡ್ ಚೆಲ್ಲದಂಗ ನೆಟ್ಟಗ ಒಯ್ರಿ. ಬಾಜೂಕ ಬಕೇಟ್ ನೀರು ಇರಲಿ. ಕಣ್ಣಿಗೆ ಆಸಿಡ್ ಸಿಡಿದ್ರ ಹದಿನೈದು ನಿಮಿಷ ನೀರು ಹೊಡೀರಿ, ಕೂಡ್ಲೇ ಡಾಕ್ಟರ್ ಕಡೆ ಹೋಗ್ರಿ. ಯುಪಿಎಸ್ ಹಿಂದ ಟ್ಯೂಬುಲರ್, ಫ್ಲಾಟ್ ಅಂತ ಸಣ್ಣ ಸ್ವಿಚ್ ಇದ್ರ ಸರಿ ಐತೇನು ನೋಡ್ರಿ. ಹೊಸಾ ಬ್ಯಾಟರಿ ಮೊದಲ ಪೂರ್ತಿ ಚಾರ್ಜ್ ಮಾಡಿ ಆಮ್ಯಾಲ ಭಾರ ಹಾಕ್ರಿ.

ಎರಡು ಬ್ಯಾಟರಿ ಜೋಡಿಸಿದ 24 ವೋಲ್ಟಿನ ಯುಪಿಎಸ್ ಇದ್ದವರು ಒಂದನ್ನ ಅಷ್ಟ ಹೊಸಾದು ಹಾಕಬ್ಯಾಡ್ರಿ. ಮುದಿ ಎತ್ತಿನ ಸಂಗಾಟ ಹೋರಿ ಹೂಡಿದಂಗ ಆಗತೈತಿ. ಹಳೇದು ಮೊದಲ ಖಾಲಿ ಆಗತೈತಿ, ಮೊದಲ ತುಂಬತೈತಿ, ಹೊಸಾದನ್ನೂ ಕೆಡಸ್ತೈತಿ. ಎರಡೂ ಒಂದ ಕಂಪನಿದು, ಒಂದ ತಿಂಗಳಿಂದು ಹಾಕ್ರಿ. ಆದ್ರ ಎರಡೂ ಕೆಟ್ಟಾವ ಅಂತ ಯಾರರೆ ಅಂದ್ರ ಬ್ಯಾರೆ ಬ್ಯಾರೆ ಪರೀಕ್ಷಾ ಮಾಡಿ ತೋರಸು ಅನ್ರಿ. ಚಲೋ ಇದ್ದದ್ದು 12 ವೋಲ್ಟಿನ ಸಣ್ಣ ಯುಪಿಎಸ್ ಇದ್ದ ಮನಿಗೆ ಇನ್ನೂ ಎರಡು ವರ್ಷ ಬರಬಹುದು.

ಲಿಥಿಯಂ ಬ್ಯಾಟರಿ ಹಾಕ್ರಿ ಅಂತ ಹುಡುಗರು ಹೇಳ್ತಾರ. ಹಗುರ, ನೀರು ಹಾಕೂದಿಲ್ಲ, ಬಾಳಿಕಿ ಹೆಚ್ಚು, ಖರೇ. ಆದ್ರ ರೊಕ್ಕ ಹೆಚ್ಚು, ಹಳೇ ಯುಪಿಎಸ್ಸಿನ ಚಾರ್ಜರ್ ಅದಕ್ಕ ಹೊಂದಬೇಕು. ಬರೇ ಬ್ಯಾಟರಿ ತಂದು ಹಳೇದರ ಜಾಗಾದಾಗ ಇಡೋ ಕೆಲಸ ಅಲ್ಲ.

ಹಳೇ ಬ್ಯಾಟರಿ ಯಾರಿಗೆ ಕೊಡ್ತೀರಿ ಅನ್ನೂದೂ ನೋಡ್ರಿ. ಗುಜರಿಯವ ಓಣ್ಯಾಗ ಬಂದು ತೂಕಕ್ಕ ಅಂತ ಆಸಿಡ್ಡನ್ನ ಗಟಾರಕ್ಕ, ಬದುವಿನ ಮ್ಯಾಲ ಸುರುವತಾನ. ಆ ಆಸಿಡ್ಡಿನ್ಯಾಗ ಸೀಸ ಇರ್ತೈತಿ. ಸೀಸ ಸಣ್ಣ ಮಕ್ಕಳ ಮೆದುಳಿಗೆ ಕೆಟ್ಟದ್ದು. 2022ರ ಬ್ಯಾಟರಿ ತ್ಯಾಜ್ಯದ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆಯೋ ಜವಾಬ್ದಾರಿ ತಯಾರು ಮಾಡೋರದು. ಐವತ್ತು ರೂಪಾಯಿ ಕಡಿಮಿ ಬಂದ್ರೂ ಅಂಗಡಿಗೇ ಕೊಡ್ರಿ, ನಿಮ್ಮ ಬಾವಿ ನೀರು ಕೆಡಸಬ್ಯಾಡ್ರಿ.

"ಇಷ್ಟೆಲ್ಲಾ ಎಲೆಕ್ಟ್ರಿಷಿಯನ್ ಕೆಲಸ, ನಮಗ್ಯಾಕ" ಅಂತ ಕೆಲವರು ಅಂತೀರಿ. ನಾ ಎಸ್ಸೆಸ್ಸೆಲ್ಸಿ ಕಲಿತವ. ಮೀಟರ್ ಓದೂದು ಒಂದು ಮುಂಜಾನೆಯೊಳಗ ಕಲಿತೆ. ಮೋಟರ್ ಸ್ಟಾರ್ಟರ್ ಬಿಚ್ಚಿ ಜೋಡಿಸೋ ಮಂದಿ ನಾವು, ಇದೇನು ದೊಡ್ಡದಲ್ಲ. ವರ್ಷಕ್ಕ ಎರಡು ದಿನ ಹಿಡೀರಿ. ಒಂದು ಯುಗಾದಿ ಮುಂದ, ಬ್ಯಾಸಗಿ ಗಾಳಿ ಮಳಿ ಶುರುವಾಗೋಕಿಂತ ಮೊದಲ. ಇನ್ನೊಂದು ಖಂಡೇನವಮಿ ದಿನ. ಅವತ್ತು ಟ್ರ್ಯಾಕ್ಟರ್ ತೊಳೀತೀವಿ, ಪಂಪ್‌ಸೆಟ್ಟಿಗೆ ಕುಂಕುಮ ಹಚ್ತೀವಿ, ಬ್ಯಾಟರಿಗೂ ಹೂ ಇಡ್ತೀವಿ. ಹೂ ಇಡೋಕಿಂತ ಮೊದಲ ಟರ್ಮಿನಲ್ ತಿಕ್ರಿ, ಭಾರ ಹೂಡಿ ನೋಡ್ರಿ. ಪೂಜಿ ದೀಪ ಮಾತ್ರ ದೂರ ಇರಲಿ.

ಕಡೀಕ ಒಂದು ಸೂಚನಾ. ಮನಿಗೊಂದು ಹೈಡ್ರೋಮೀಟರ್ ಬೇಕಾಗಿಲ್ಲ. ಊರಿಗೊಂದು ಸಾಕು. ಪಿಕೆಪಿಎಸ್‌ನಾಗೋ, ಹಾಲಿನ ಡೇರ್ಯಾಗೋ ಒಂದು ಪೆಟ್ಟಿಗಿ ಇಡೋಣ: ಮೀಟರ್, ಹೈಡ್ರೋಮೀಟರ್, ಎರಡು ಬಲ್ಬು, ಕಣ್ಣಿಗೆ ಹಾಕೋ ಕನ್ನಡಕ, ರಬ್ಬರ್ ಕೈಚೀಲ, ಒಂದು ವಹಿ. ಯಾರ ಮನಿ ಬ್ಯಾಟರಿ ಎಷ್ಟು ತಾಸು ನಡೀತು ಅಂತ ವಹಿಯೊಳಗ ಬರೀಬೇಕು. ಎರಡು ಮೂರು ವರ್ಷ ಆದ್ರ ಯಾವ ಬ್ಯಾಟರಿ ಬಾಳತೈತಿ, ಯಾವುದು ಬಾಳಂಗಿಲ್ಲ ಅನ್ನೂದು ನಮ್ಮ ಲೆಕ್ಕದಾಗ ಇರ್ತೈತಿ, ಜಾಹೀರಾತು ನೋಡೂದು ಬೇಕಾಗಂಗಿಲ್ಲ. ನಮ್ಮ ಫಾಲ್ಸಿನ ನೀರಿನ ಶಕ್ತಿಲೇ 1887ರಷ್ಟು ಹಿಂದನ ಮಿಲ್ಲು ತಿರುಗೈತಿ. ಬಾಜೂ ಹುಕ್ಕೇರಿಯವರು 1969ರಾಗ ಕರೆಂಟ್ ಹಂಚಾಕನ ಒಂದು ಸಹಕಾರಿ ಸಂಘ ಕಟ್ಟಿದ್ರು, ಇವತ್ತಿಗೂ ತಾಲೂಕಿಗೆ ಅದ ಕರೆಂಟ್ ಕೊಡತೈತಿ. ಅಂಥಾ ನೆಲದಾಗ ಇದ್ದು, ಒಂದು ಪೆಟ್ಟಿಗಿ ಹಂಚಿಕೊಂಡು ಬಳಸಾಕ ನಮಗ ಆಗಂಗಿಲ್ಲೇನ್ರಿ?

ನನ್ನ ಮೀಟರು, ಹೈಡ್ರೋಮೀಟರು ಸದ್ಯಕ್ಕ ನಮ್ಮ ತೋಟದ ಮನ್ಯಾಗ ಅದಾವ. ಬಾಜೂದವರು ಯಾರರೆ ಬಂದು ಒಯ್ರಿ, ಕೆಲಸ ಆದ ಮ್ಯಾಲ ತೊಳೆದು ತಂದು ಇಡ್ರಿ. ಮನ್ಯಾಗ ದಮ್ಮಿನವರು ಇದ್ರ ಇವತ್ತ ಬರ್ರಿ, ಖಂಡೇನವಮಿ ತನಕ ಕಾಯಬ್ಯಾಡ್ರಿ.

ತಪ್ಪು ಬರೆದಿದ್ರ ತಿದ್ದರಿ.